ಹೃದಯ ಸ್ತಂಭನದ ನಂತರ ಮೆದುಳಿನ ಸ್ಕ್ಯಾನ್: ಸಿಟಿ ಸಾಕೇ, ಎಂಆರ್‌ಐ ಬೇಕೇ, ಯಾವ ದಿನ?

ನಿಂತಿದ್ದ ಹೃದಯ ಸಿಪಿಆರ್‌ನಿಂದಲೋ ಶಾಕ್‌ನಿಂದಲೋ ಮತ್ತೆ ಬಡಿಯತೊಡಗಿದೆ, ಆದರೆ ಪೇಶೆಂಟ್ ಕಣ್ಣು ಬಿಡುತ್ತಿಲ್ಲ. ಐಸಿಯು ಬಾಗಿಲಲ್ಲಿ ಮನೆಯವರು ಕೇಳುವುದು ಒಂದೇ: "ತಲೆಗೆ ಸ್ಕ್ಯಾನ್ ಮಾಡಿಸಿದರೆ ಎಚ್ಚರ ಆಗ್ತಾರೋ ಇಲ್ಲವೋ ಗೊತ್ತಾಗುತ್ತಲ್ಲ ಡಾಕ್ಟ್ರೇ?" ಅರ್ಧ ಗೊತ್ತಾಗುತ್ತದೆ, ಅದೂ ಸರಿಯಾದ ದಿನ ಮಾಡಿಸಿದರೆ. ಸಿಟಿಯೋ ಎಂಆರ್‌ಐಯೋ ಎಂಬ ಚರ್ಚೆಯಲ್ಲಿ ಹೆಚ್ಚಿನವರು ಮರೆಯುವುದು ಗಡಿಯಾರವನ್ನು. ಎರಡನೇ ಗಂಟೆಯಲ್ಲಿ ತೆಗೆದ ಎಂಆರ್‌ಐಗಿಂತ ಅರವತ್ತನೇ ಗಂಟೆಯಲ್ಲಿ ತೆಗೆದ ಸಾಧಾರಣ ಸಿಟಿ ಹೆಚ್ಚು ಹೇಳುತ್ತದೆ.

ಜಿಲ್ಲಾ ಮಟ್ಟದ ಆಸ್ಪತ್ರೆಗಳ ಡ್ಯೂಟಿ ಡಾಕ್ಟರುಗಳಿಗೂ, ಕೈಯಲ್ಲಿ ರಿಪೋರ್ಟ್ ಹಿಡಿದು ಏನು ಕೇಳಬೇಕೆಂದು ತೋಚದೆ ನಿಂತ ಮನೆಯವರಿಗೂ ಉಪಯೋಗವಾಗಲೆಂದು ಇಲ್ಲಿನ ವಿವರ. ಅಂಕಿಗಳೆಲ್ಲ ವಯಸ್ಕರಿಗೆ ಸಂಬಂಧಿಸಿದವು. ಮಕ್ಕಳ ಮೆದುಳಿನಲ್ಲಿ ನೀರಿನ ಅಂಶವೇ ಬೇರೆ, ಅವರಿಗೆ ಇವನ್ನು ಹಚ್ಚಬಾರದು.

ಮೊದಲು: ಈ ಪೇಶೆಂಟಿಗೆ ಸ್ಕ್ಯಾನ್ ಬೇಕೇ?

ನೋವು ಕೊಟ್ಟಾಗ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದರೆ, ನೋವಿನ ಜಾಗಕ್ಕೇ ಕೈ ತರುತ್ತಿದ್ದರೆ, ಭವಿಷ್ಯ ಹೇಳುವ ಸ್ಕ್ಯಾನ್‌ಗೆ ಆತುರ ಬೇಡ. ಪ್ರಜ್ಞೆ ಅಳೆಯುವ ಗ್ಲಾಸ್ಗೋ ಮಾಪನದ ಮೋಟಾರ್ (ಚಲನೆಯ) ಅಂಕ 4 ಅಥವಾ ಹೆಚ್ಚಿದ್ದವರು ಬಹುತೇಕ ಒಳ್ಳೆಯ ದಾರಿಯಲ್ಲೇ ಇರುತ್ತಾರೆ; ಕಾದರೆ ಅವರೇ ಉತ್ತರ ಕೊಡುತ್ತಾರೆ. ಪ್ರಶ್ನೆ ಏಳುವುದು ಹೃದಯ ಮತ್ತೆ ಬಡಿದು 72 ಗಂಟೆ ಕಳೆದ ಮೇಲೂ ಮೋಟಾರ್ ಅಂಕ 3 ಅಥವಾ ಕಡಿಮೆ ಇದ್ದಾಗ, ಅಂದರೆ ನೋವಿಗೆ ಕೈ ವಿಚಿತ್ರವಾಗಿ ಮಡಚುವುದು, ಸೆಟೆಯುವುದು ಅಥವಾ ಏನೂ ಮಾಡದಿರುವುದು. 2021ರ ಯುರೋಪಿಯನ್ ಮಾರ್ಗಸೂಚಿಯ ಮೊದಲ ಮೆಟ್ಟಿಲೂ ಇದೇ.

ಆ ಮೆಟ್ಟಿಲು ಹತ್ತುವ ಮುನ್ನ ನಿದ್ದೆ ಬರಿಸುವ ಮದ್ದು ಪೂರ್ತಿ ಇಳಿದಿರಬೇಕು. ಪ್ರೊಪೊಫಾಲ್ ಬೇಗ ಇಳಿಯುತ್ತದೆ. ಮಿಡಜೋಲಾಮ್ ಹಾಗಲ್ಲ, ಕಿಡ್ನಿ, ಲಿವರ್ ಕೈಕೊಟ್ಟವರಲ್ಲಿ ದಿನಗಟ್ಟಲೆ ದೇಹದಲ್ಲಿ ಕೂತಿರುತ್ತದೆ. ಕೊಟ್ಟ ಮದ್ದುಗಳಲ್ಲಿ ಯಾವುದು ಹೆಚ್ಚು ಹೊತ್ತು ಉಳಿಯುತ್ತದೋ ಅದರ ಅರ್ಧಾಯುಷ್ಯದ ಕನಿಷ್ಠ ಐದು ಪಟ್ಟು ಸಮಯ ಕಳೆದಿರಲಿ. ಸೋಡಿಯಂ, ಸಕ್ಕರೆ, ಯೂರಿಯಾ, ಮೈ ತಾಪಮಾನವನ್ನೂ ನೋಡಿರಿ. ಇದನ್ನು ಬಿಟ್ಟು ಸ್ಕ್ಯಾನ್‌ಗೆ ಓಡುವವರೇ ಜಾಸ್ತಿ, ಏಕೆಂದರೆ ಸ್ಕ್ಯಾನ್ ಬರೆದುಕೊಡುವುದು ಸುಲಭ, ಮದ್ದು ನಿಲ್ಲಿಸಿ ಕಾಯುವುದು ಕಷ್ಟ.

ಯಂತ್ರ ನೋಡುವುದು ನೀರನ್ನು

ರಕ್ತ ನಿಂತ ಕೆಲವೇ ನಿಮಿಷಗಳಲ್ಲಿ ಜೀವಕೋಶಗಳ ಇಂಧನ ತೀರಿ, ಸೋಡಿಯಂ ಹೊರಹಾಕುವ ಪಂಪ್ ನಿಲ್ಲುತ್ತದೆ. ಸೋಡಿಯಂ ಒಳಗೆ ನುಗ್ಗುತ್ತದೆ, ಅದರ ಹಿಂದೆಯೇ ನೀರು. ಹೆಚ್ಚು ಇಂಧನ ಉಣ್ಣುವ ಬೂದು ಭಾಗಕ್ಕೆ (ಹೊರಪದರ, ಆಳದ ಗಂಟುಗಳು ಅಂದರೆ ಬೇಸಲ್ ಗ್ಯಾಂಗ್ಲಿಯಾ, ಹಿಪೊಕ್ಯಾಂಪಸ್, ಕಿರುಮೆದುಳಿನ ಪುರ್ಕಿಂಜೆ ಕೋಶಗಳು) ಮೊದಲ ಹೊಡೆತ. ಮೆದುಳುಕಾಂಡ (ಬ್ರೈನ್‌ಸ್ಟೆಮ್) ಹೆಚ್ಚು ತಾಳಿಕೊಳ್ಳುತ್ತದೆ. ಉಸಿರಾಟ, ಕಣ್ಣಿನ ಪಾಪೆಯ ಚಲನೆ ಮರಳಿದರೂ ಅರಿವು ಮರಳದೆ ಇರುವುದು ಇದರಿಂದಲೇ.

ಕೋಶದೊಳಗೆ ಸಿಕ್ಕಿಬಿದ್ದ ನೀರಿಗೆ ಅತ್ತಿತ್ತ ಓಡಾಡಲು ಜಾಗವಿಲ್ಲ. ಎಂಆರ್‌ಐನ ಡಿಫ್ಯೂಶನ್ ಚಿತ್ರ ಈ ಓಡಾಟವನ್ನೇ ಅಳೆಯುತ್ತದೆ. ಸಿಟಿಗೆ ಓಡಾಟ ಕಾಣುವುದಿಲ್ಲ, ಅದು ಅಳೆಯುವುದು ಸಾಂದ್ರತೆಯನ್ನು: ಅಂಗಾಂಶದ ನೀರು ಶೇ 1ರಷ್ಟು ಹೆಚ್ಚಿದರೆ ಸುಮಾರು 2.5 ಹೌನ್ಸ್‌ಫೀಲ್ಡ್ ಘಟಕ (ಸಿಟಿಯ ಸಾಂದ್ರತೆಯ ಅಳತೆ) ಇಳಿಕೆ. ಆದ್ದರಿಂದ ನೀರು ಸಾಕಷ್ಟು ತುಂಬಿಕೊಳ್ಳುವ ತನಕ ಸಿಟಿ ಸುಮ್ಮನಿರುತ್ತದೆ.

ಸಿಟಿ: ಒಂದೇ ಯಂತ್ರ, ಎರಡು ಬೇರೆ ಪರೀಕ್ಷೆ

ಮೊದಲ ಆರು ಗಂಟೆಯ ಸಿಟಿಯನ್ನು ಮುಂದೇನಾಗುತ್ತದೆಂದು ತಿಳಿಯಲು ಮಾಡುವುದಲ್ಲ. ಹೃದಯ ನಿಲ್ಲಲು ಮೆದುಳಿನ ರಕ್ತಸ್ರಾವವೇ ಕಾರಣವಾಗಿತ್ತೇ, ಕುಸಿದು ಬಿದ್ದಾಗ ತಲೆಗೆ ಪೆಟ್ಟಾಗಿದೆಯೇ, ರಕ್ತ ತಿಳಿಯಾಗಿಸುವ ಮದ್ದು ಕೊಡಬಹುದೇ ಎಂದು ನೋಡಲು ಮಾಡುವುದು. ಅದು "ನಾರ್ಮಲ್" ಎಂದು ಬಂದರೆ ಖುಷಿಪಡಲು ಕಾರಣವಿಲ್ಲ. ತೀವ್ರ ಹಾನಿಯಾದವರಲ್ಲೂ ಆ ಹೊತ್ತಿಗೆ ನಾರ್ಮಲ್ ಬರುವುದು ಸಾಮಾನ್ಯ. "ಸಿಟಿ ನಾರ್ಮಲ್ ಅಂದಿದ್ರಲ್ಲ, ಈಗ ಹೀಗೆ ಹೇಳ್ತೀರಲ್ಲ" ಎಂದು ನಾಲ್ಕನೇ ದಿನ ನಡೆಯುವ ಜಗಳದ ಬೇರು ಇಲ್ಲಿದೆ. ರಿಪೋರ್ಟ್ ಕೈಗೆ ಕೊಡುವಾಗಲೇ ಬಿಡಿಸಿ ಹೇಳಿಬಿಡಿ: ಇವತ್ತಿನ ಸಿಟಿ ರಕ್ತಸ್ರಾವ ಇಲ್ಲ ಎನ್ನುತ್ತದೆ, ಅಷ್ಟೇ.

24 ಗಂಟೆ ದಾಟಿದ ಸಿಟಿ, ಅದರಲ್ಲೂ 48 ಗಂಟೆ ದಾಟಿದ್ದು, ಬೇರೆಯೇ ಪರೀಕ್ಷೆ. ಬೂದು ಮತ್ತು ಬಿಳಿ ಭಾಗದ ನಡುವಿನ ಗೆರೆ ಅಳಿಸಿಹೋಗಿದೆಯೇ, ಮೆದುಳಿನ ಮಡಿಕೆಗಳ ನಡುವಿನ ಸಂದು ಮುಚ್ಚಿದೆಯೇ ಎಂದು ಮೊದಲು ಕಣ್ಣಳತೆಯಲ್ಲಿ ನೋಡುತ್ತಾರೆ. ಮಾಮೂಲಿ 80ರ ಕಿಟಕಿಯಲ್ಲಿ (ಪರದೆಯ ಮೇಲೆ ತೋರಿಸುವ ಸಾಂದ್ರತೆಯ ವ್ಯಾಪ್ತಿ) ಈ ವ್ಯತ್ಯಾಸ ತಪ್ಪಿಸಿಕೊಳ್ಳುತ್ತದೆ. ಕಿಟಕಿ ಅಗಲವನ್ನು 35–40ಕ್ಕೆ, ಮಟ್ಟವನ್ನು 35ರ ಆಸುಪಾಸಿಗೆ ತಂದರೆ ಎದ್ದು ಕಾಣುತ್ತದೆ.

ಕಣ್ಣಿಗೆ ಬಿಟ್ಟರೆ ಸಾಲದು ಎನ್ನುವವರು ಅನುಪಾತ ಲೆಕ್ಕ ಹಾಕುತ್ತಾರೆ. ಆಳದ ಗಂಟುಗಳು ಕಾಣುವ ಸ್ಲೈಸ್‌ನಲ್ಲಿ ನಾಲ್ಕು ಕಡೆ ಸುಮಾರು 10 ಚದರ ಮಿಲಿಮೀಟರಿನ ಸಣ್ಣ ವೃತ್ತ ಎಳೆಯಬೇಕು: ಕಾಡೇಟ್, ಪುಟಾಮೆನ್ (ಬೂದು), ಕಾರ್ಪಸ್ ಕಲೋಸಮ್, ಇಂಟರ್ನಲ್ ಕ್ಯಾಪ್ಸೂಲಿನ ಹಿಂಗಾಲು (ಬಿಳಿ). ಎರಡೂ ಬದಿಯಲ್ಲಿ ಅಳೆದು ಸರಾಸರಿ ತೆಗೆದು, ಬೂದಿನ ಮೊತ್ತವನ್ನು ಬಿಳಿಯ ಮೊತ್ತದಿಂದ ಭಾಗಿಸಿ. ಉದಾಹರಣೆಗೆ ಬೂದು 32 ಮತ್ತು 33, ಬಿಳಿ 29 ಮತ್ತು 30. 65ನ್ನು 59ರಿಂದ ಭಾಗಿಸಿದರೆ 1.10. ಆರೋಗ್ಯವಂತ ಮೆದುಳಿನಲ್ಲಿ ಇದು ಸುಮಾರು 1.3ರ ಹತ್ತಿರ. 1.10ಕ್ಕಿಂತ ಕೆಳಗಿಳಿದರೆ ಒಳ್ಳೆಯ ಚೇತರಿಕೆ ತೀರಾ ಅಪರೂಪ ಎಂದು ಬೇರೆ ಬೇರೆ ಅಧ್ಯಯನಗಳು ತೋರಿಸಿವೆ. ಕೆಲವರು 1.15, 1.20 ಎಂಬ ಗಡಿಯನ್ನೂ ಬಳಸುತ್ತಾರೆ; ಅಷ್ಟು ಸಡಿಲ ಗಡಿ ಇಟ್ಟು ಒಂದು ಜೀವದ ಬಗ್ಗೆ ಮಾತಾಡುವುದು ನಮ್ಮ ಮಟ್ಟಿಗೆ ಒಪ್ಪುವ ಮಾತಲ್ಲ.

ಏಕೆಂದು ಅದೇ ಲೆಕ್ಕದಲ್ಲಿ ನೋಡಿ. ಬೂದಿನ ಎರಡೂ ಅಳತೆ 1 ಘಟಕ ಮೇಲೆ, ಬಿಳಿಯ ಎರಡೂ 1 ಘಟಕ ಕೆಳಗೆ ಸರಿದರೆ 67ನ್ನು 57ರಿಂದ ಭಾಗಿಸಿ 1.18 ಆಗುತ್ತದೆ. ಒಂದು ಘಟಕ ಅನ್ನುವುದು ಯಂತ್ರದ ಗದ್ದಲದೊಳಗೇ ಮುಳುಗಿಹೋಗುವಷ್ಟು ಚಿಕ್ಕದು. ಕಾಡೇಟ್‌ನ ಪಕ್ಕದಲ್ಲೇ ನೀರು ತುಂಬಿದ ಕುಹರವಿದೆ; ವೃತ್ತದ ಅಂಚು ಅದಕ್ಕೆ ತಾಗಿದರೂ ಸಾಕು, ಅಂಕಿ ಇಳಿದು ಅನುಪಾತ ಸುಳ್ಳೇ ಕೆಟ್ಟದಾಗಿ ತೋರುತ್ತದೆ. ಟ್ಯೂಬ್ ವೋಲ್ಟೇಜ್ ಬದಲಾದರೆ, ಸ್ಕ್ಯಾನರ್ ಬದಲಾದರೆ ಅನುಪಾತವೂ ಬದಲು. ಹಾಗಾಗಿ ದಶಾಂಶದ ಎರಡನೇ ಸ್ಥಾನ ಹಿಡಿದು ವಾದಿಸುವ ರಿಪೋರ್ಟನ್ನು ನಂಬಬೇಡಿ. 1.05 ಎಂದು ಬಂದು, ಕಣ್ಣಿಗೂ ಗೆರೆ ಅಳಿಸಿದ್ದು ಕಂಡರೆ ಅದು ಮಾತಾಡುವ ಚಿತ್ರ. 1.12 ಅಂದರೆ ಮೌನ.

ಸಿಟಿಯಲ್ಲಿ ಬೀಳುವ ಇನ್ನೆರಡು ಗುಂಡಿಗಳಿವೆ. ಒಂದು, ಆಂಜಿಯೋಗ್ರಾಮ್‌ನ ಡೈ. ಕ್ಯಾಥ್‌ಲ್ಯಾಬ್‌ನಿಂದ ನೇರ ಸಿಟಿಗೆ ಬಂದವರ ರಕ್ತದಲ್ಲಿ ಅಯೋಡಿನ್ ಇನ್ನೂ ಓಡಾಡುತ್ತಿರುತ್ತದೆ. ರಕ್ತ ಹೆಚ್ಚು ಹರಿಯುವ ಬೂದು ಭಾಗ ಹೊಳೆದು ಅನುಪಾತ ಒಳ್ಳೆಯದಾಗಿ ಕಾಣಬಹುದು, ಹಾನಿಯಾದ ಕಡೆ ಡೈ ಸೋರಿ ರಕ್ತಸ್ರಾವದಂತೆಯೂ ಕಾಣಬಹುದು. ಎರಡು, ಊದಿಕೊಂಡ ಮೆದುಳು ಕಪ್ಪಾದಾಗ ತಳದ ಸಂದುಗಳಲ್ಲಿರುವ ರಕ್ತನಾಳಗಳು ಹೋಲಿಕೆಯಲ್ಲಿ ಬೆಳ್ಳಗೆ ಕಂಡು ಸಬ್‌ಅರಕ್ನಾಯ್ಡ್ ರಕ್ತಸ್ರಾವ (ಮೆದುಳಿನ ಸುತ್ತಲ ಪೊರೆಗಳ ನಡುವಿನದು) ಎಂಬ ಭ್ರಮೆ ಹುಟ್ಟಿಸುತ್ತವೆ. ರಾತ್ರಿಪಾಳಿಯಲ್ಲಿ ಈ ತಪ್ಪು ಆಗಿಬಿಟ್ಟರೆ ರಕ್ತ ತಿಳಿಯಾಗಿಸುವ ಹೆಪಾರಿನ್ ನಿಲ್ಲಿಸಿ, ನ್ಯೂರೋಸರ್ಜನ್ ಕರೆಸಿ, ಇಡೀ ಚಿಕಿತ್ಸೆ ಹಳಿ ತಪ್ಪುತ್ತದೆ. ಆ ಬಿಳುಪಿನ ಹೌನ್ಸ್‌ಫೀಲ್ಡ್ ಅಳೆಯಿರಿ: ಹೊಸ ರಕ್ತ ಸಾಮಾನ್ಯವಾಗಿ 60 ದಾಟಿರುತ್ತದೆ, ಈ ಭ್ರಮೆಯದ್ದು 30–40ರ ಸುತ್ತ ನಿಲ್ಲುತ್ತದೆ.

ಎಂಆರ್‌ಐ: ಎರಡರಿಂದ ಏಳನೇ ದಿನ

ಇದಕ್ಕೆ ಸಿಗುವ ಸಮಯ ಕಡಿಮೆ. ಎರಡು ದಿನಕ್ಕೆ ಮೊದಲು ಮಾಡಿದರೆ ಹಾನಿ ಇನ್ನೂ ಪೂರ್ತಿ ಮೂಡಿರುವುದಿಲ್ಲ. ಏಳು ದಿನ ಕಳೆದರೆ ಸತ್ತ ಕೋಶಗಳ ಗೋಡೆ ಒಡೆದು ನೀರು ಮತ್ತೆ ಸಲೀಸಾಗಿ ಓಡಾಡತೊಡಗಿ, ಡಿಫ್ಯೂಶನ್ ಚಿತ್ರ ಸುಳ್ಳೇ ಚೆನ್ನಾಗಿ ಕಾಣುತ್ತದೆ. ಹತ್ತನೇ ದಿನದ "ಡಿಫ್ಯೂಶನ್ ನಾರ್ಮಲ್" ಎಂಬ ಸಾಲು ಮನೆಯವರಲ್ಲಿ ಹುಟ್ಟಿಸುವ ಆಸೆಗೆ ಆಧಾರವೇ ಇರುವುದಿಲ್ಲ.

ಓದುವಾಗ ಎರಡು ಚಿತ್ರಗಳನ್ನು ಪಕ್ಕಪಕ್ಕ ಇಡಲೇಬೇಕು. ಡಿಫ್ಯೂಶನ್ ಚಿತ್ರದಲ್ಲಿ (ಬಿ-ಮೌಲ್ಯ 1000) ಬೆಳ್ಳಗಿರುವ ಜಾಗ ಎಡಿಸಿ (ನೀರಿನ ಓಡಾಟದ ಪ್ರಮಾಣ) ನಕ್ಷೆಯಲ್ಲಿ ಕಪ್ಪಗಿದ್ದರೆ ಮಾತ್ರ ನಿಜವಾದ ತಡೆ. ಎರಡರಲ್ಲೂ ಬೆಳ್ಳಗಿದ್ದರೆ ಹಳೆಯ ಊತದ ಹೊಳಪು, ಲೆಕ್ಕಕ್ಕಿಲ್ಲ. ಎಡಿಸಿಗೆ ಸಂಖ್ಯೆಯೂ ಉಂಟು: ಸಹಜ ಮೆದುಳಿನಲ್ಲಿ ಸುಮಾರು 700ರಿಂದ 850 (ಸೆಕೆಂಡಿಗೆ ಚದರ ಮಿಲಿಮೀಟರಿನ ಹತ್ತು ಲಕ್ಷದ ಭಾಗಗಳಲ್ಲಿ). ಮೆದುಳಿನ ಶೇ 10ಕ್ಕಿಂತ ಹೆಚ್ಚು ಭಾಗದಲ್ಲಿ ಇದು 650ಕ್ಕಿಂತ ಕೆಳಗಿಳಿದರೆ ಚೇತರಿಕೆಯ ಸಾಧ್ಯತೆ ಕಡಿಮೆ ಎಂಬ ಲೆಕ್ಕ 2009ರಿಂದ ಚಲಾವಣೆಯಲ್ಲಿದೆ. ಆಮೇಲೆ ಹಲವು ಆಸ್ಪತ್ರೆಗಳಲ್ಲಿ ಒರೆಗೆ ಹಚ್ಚಿದಾಗ ಅದು ಪೂರ್ತಿ ನೂರಕ್ಕೆ ನೂರು ನಿಲ್ಲಲಿಲ್ಲ. ಎಲ್ಲೋ ಒಬ್ಬರು ಆ ಗಡಿ ದಾಟಿಯೂ ಎದ್ದಿದ್ದಾರೆ.

ಹರಡುವಿಕೆ ಸಂಖ್ಯೆಯಷ್ಟೇ ಮುಖ್ಯ. ಹೊರಪದರವೂ ಆಳದ ಗಂಟುಗಳೂ ಎರಡೂ ಬದಿಯಲ್ಲಿ ವ್ಯಾಪಕವಾಗಿ ಬೆಳ್ಳಗಿದ್ದರೆ ಕೆಟ್ಟ ಸೂಚನೆ. ಒಂದೆರಡು ಚುಕ್ಕೆ, ಒಂದೇ ಬದಿಯ ತುಣುಕು ಕಂಡರೆ ಅದು ಸಣ್ಣ ಸ್ಟ್ರೋಕ್ ಇರಬಹುದು. ಅದನ್ನೇ "ಹೈಪಾಕ್ಸಿಕ್ ಇಂಜುರಿ" (ಆಮ್ಲಜನಕ ಕೊರತೆಯ ಹಾನಿ) ಎಂದು ಬರೆದು ಮುಗಿಸಿದ ರಿಪೋರ್ಟಿನಿಂದ ಏನನ್ನೂ ನಿರ್ಧರಿಸಲಾಗದು. ನಿಲ್ಲದ ಫಿಟ್ಸ್, ತೀರಾ ಇಳಿದ ಸಕ್ಕರೆ, ಏರಿದ ಅಮೋನಿಯಾ ಕೂಡ ಹೊರಪದರವನ್ನು ಇದೇ ರೀತಿ ಬೆಳ್ಳಗಾಗಿಸುತ್ತವೆ, ಮತ್ತು ಅವುಗಳಲ್ಲಿ ಕೆಲವು ತಿಳಿಯಾಗಿಯೂ ಹೋಗುತ್ತವೆ. ಎಂಆರ್‌ಐಗೆ ಮೊದಲು ಇಇಜಿ (ಮೆದುಳಿನ ವಿದ್ಯುತ್ ಅಲೆಗಳ ದಾಖಲೆ) ಆಗಿರಲಿ ಎನ್ನುವುದು ಇದಕ್ಕೇ.

ಸಿಟಿಗಿಲ್ಲದ ಒಂದು ಗುಣ ಎಂಆರ್‌ಐಗಿದೆ: ಅದು ಒಳ್ಳೆಯ ಸುದ್ದಿಯನ್ನೂ ಕೊಡಬಲ್ಲದು. ಎರಡರಿಂದ ಏಳನೇ ದಿನದೊಳಗೆ ಹೊರಪದರದಲ್ಲಾಗಲಿ ಆಳದ ಗಂಟುಗಳಲ್ಲಾಗಲಿ ಎಲ್ಲೂ ತಡೆ ಕಾಣದಿದ್ದರೆ ಚೇತರಿಕೆಯ ಪರವಾಗಿ ಅದು ಗಟ್ಟಿ ಸಾಕ್ಷಿ. ಹೆಚ್ಚು ದುಡ್ಡು, ಹೆಚ್ಚು ಅಪಾಯ ಹೊತ್ತು ಎಂಆರ್‌ಐ ಮಾಡಿಸಲು ನಾವು ಒಪ್ಪುವ ಮುಖ್ಯ ಕಾರಣ ಇದು.

ಅಪಾಯವೆಂದರೆ ಸಾಗಣೆಯದ್ದು. ಸಿಟಿ ಟೇಬಲ್ ಮೇಲೆ ಕೆಲವೇ ನಿಮಿಷ. ಎಂಆರ್‌ಐ ಪೂರ್ಣ ಮಾಡಿದರೆ ಅರ್ಧ ಗಂಟೆ. ಬಿಪಿ ಏರಿಸುವ ನಾರ್‌ಅಡ್ರಿನಲಿನ್ ಮದ್ದಿನ ಮೇಲೆಯೇ ಬಿಪಿ ನಿಂತಿರುವವರಿಗೆ ಇದು ಉದ್ದದ ಪ್ರಯಾಣ. ಪೂರ್ಣ ಪಟ್ಟಿ ಬೇಡ. ಡಿಫ್ಯೂಶನ್, ಎಡಿಸಿ, ಫ್ಲೇರ್, ಸೂಕ್ಷ್ಮ ರಕ್ತಸ್ರಾವ ತೋರುವ ಒಂದು ಸರಣಿ ಸಾಕು, ಕಾಲು ಗಂಟೆಯಲ್ಲಿ ಮುಗಿಯುತ್ತದೆ. ಎಂಆರ್‌ಐಗೆ ಒಗ್ಗುವ ವೆಂಟಿಲೇಟರ್, ಸಿಲಿಂಡರ್ ಇರಲಿ. ಮಾಮೂಲಿ ಕಬ್ಬಿಣದ ಆಕ್ಸಿಜನ್ ಸಿಲಿಂಡರ್ ಆ ಕೋಣೆಯೊಳಗೆ ಹೋದರೆ ಕ್ಷಿಪಣಿ. ಇನ್‌ಫ್ಯೂಶನ್ ಪಂಪುಗಳನ್ನು ಹೊರಗಿಟ್ಟು ಉದ್ದ ಟ್ಯೂಬ್ ಎಳೆಯಬೇಕು. ಟ್ಯೂಬ್ ಜೋಡಿಸುವಾಗ ನಾರ್‌ಅಡ್ರಿನಲಿನ್ ಕ್ಷಣ ನಿಂತರೂ ಬಿಪಿ ಕುಸಿಯುತ್ತದೆ, ಆದ್ದರಿಂದ ಜೋಡಣೆ ಐಸಿಯುನಲ್ಲೇ ಮುಗಿಸಿ ಹತ್ತು ನಿಮಿಷ ನೋಡಿ ಹೊರಡಿ.

ಯಾರಿಗೆ ಯಾವುದು

ಎಕ್ಮೋ (ದೇಹದ ಹೊರಗೆ ರಕ್ತಕ್ಕೆ ಆಮ್ಲಜನಕ ಸೇರಿಸುವ ಯಂತ್ರ), ಹೃದಯಕ್ಕೆ ನೆರವಾಗುವ ಬಲೂನ್ ಪಂಪ್, ತಾತ್ಕಾಲಿಕ ಪೇಸಿಂಗ್ ವೈರ್ ಇದ್ದರೆ ಮಾತೇ ಇಲ್ಲ, ಸಿಟಿ. ಹಳೆಯ ಪೇಸ್‌ಮೇಕರ್ ಅಥವಾ ಯಾವ ಮಾದರಿಯೆಂದು ಹೇಳುವ ಕಾರ್ಡ್ ಕಳೆದುಹೋದ ಸಾಧನ ಇದ್ದರೂ ಮೊದಲು ಸಿಟಿ. ಮೊನ್ನೆಯಷ್ಟೇ ಹಾಕಿದ ಹೃದಯದ ಸ್ಟೆಂಟ್ ಎಂಆರ್‌ಐಗೆ ಅಡ್ಡಿಯಲ್ಲ. "ಸ್ಟೆಂಟ್ ಹಾಕಿ ಆರು ವಾರ ಆಗಿಲ್ಲ" ಎಂದು ವಾಪಸ್ ಕಳಿಸುವ ಹಳೇ ಪದ್ಧತಿ ಇನ್ನೂ ಕೆಲವು ಕಡೆ ಉಳಿದಿದೆ, ಅದಕ್ಕೆ ಈಗ ಆಧಾರವಿಲ್ಲ.

ಊರಲ್ಲಿ ಎಂಆರ್‌ಐ ಇಲ್ಲ, ಇದ್ದರೂ ವೆಂಟಿಲೇಟರ್ ಒಳಗೆ ಹೋಗುವುದಿಲ್ಲ ಎಂದಾದರೆ, ಭವಿಷ್ಯ ತಿಳಿಯಲೆಂದೇ ನೂರು ಕಿಲೋಮೀಟರ್ ಆಂಬುಲೆನ್ಸ್‌ನಲ್ಲಿ ಸಾಗಿಸಬೇಡಿ. 48 ಗಂಟೆ ದಾಟಿದ ಸಿಟಿ, ಜೊತೆಗೆ ಹಾಸಿಗೆ ಪಕ್ಕದ ಪರೀಕ್ಷೆಗಳು ಸಾಕಷ್ಟು ಹೇಳುತ್ತವೆ.

ಎಲ್ಲ ಸೌಕರ್ಯವಿದ್ದು, ಬಿಪಿ ನಿಂತಿದ್ದು, ಮೂರನೇ ದಿನವೂ ಪ್ರಜ್ಞೆ ಬಾರದೆ, ಬೇರೆ ಪರೀಕ್ಷೆಗಳು ಒಂದಕ್ಕೊಂದು ತಾಳೆಯಾಗದಿದ್ದರೆ ಎಂಆರ್‌ಐ ಹೇಳಿ ಮಾಡಿಸಿದ್ದು. ನೇಣು, ನೀರಿನಲ್ಲಿ ಮುಳುಗುವಿಕೆಯಂಥ ಉಸಿರುಗಟ್ಟಿದ ಪ್ರಸಂಗಗಳಲ್ಲಿ ಊತ ಬೇಗ, ಹೆಚ್ಚಾಗಿ ಬರುತ್ತದೆ. ಗಡಿ ಅಂಕಿಗಳು ಹೆಚ್ಚಾಗಿ ಹೃದಯದ ಕಾರಣದಿಂದ ಸ್ತಂಭನವಾದವರಿಂದ ಬಂದವು ಎಂಬುದು ನೆನಪಿರಲಿ.

ಬಿಳಿ ಭಾಗದ ನಾರುಗಳ ದಿಕ್ಕನ್ನು ಅಳೆಯುವ ಡಿಫ್ಯೂಶನ್ ಟೆನ್ಸರ್ ಎಂಬ ಎಂಆರ್‌ಐ ಬಗೆಯೂ ಇದೆ. 2018ರಲ್ಲಿ ಲ್ಯಾನ್ಸೆಟ್ ನ್ಯೂರಾಲಜಿಯಲ್ಲಿ ಬಂದ ಬಹುಕೇಂದ್ರ ಅಧ್ಯಯನ ಅದನ್ನು 7ರಿಂದ 28ನೇ ದಿನದೊಳಗೆ ಅಳೆದು ಆರು ತಿಂಗಳ ಫಲಿತಾಂಶವನ್ನು ತುಂಬ ಚೆನ್ನಾಗಿ ಊಹಿಸಿತು. ಆದರೆ ಪ್ರತಿ ಸ್ಕ್ಯಾನರನ್ನೂ ಆರೋಗ್ಯವಂತರ ಮೇಲೆ ಅಳೆದು ಹೊಂದಿಸಿಕೊಂಡಿರಬೇಕು. ಆ ತಯಾರಿ ಇಲ್ಲದ ಕಡೆ ಬಣ್ಣಬಣ್ಣದ ನಾರಿನ ಚಿತ್ರ ನೋಡಲು ಚೆಂದ, ಅಷ್ಟೇ. ಪೆಟ್ ಸ್ಕ್ಯಾನ್ ಇನ್ನೂ ಸಂಶೋಧನೆಯ ಮಾತು.

ಸ್ಕ್ಯಾನ್ ಒಂಟಿಯಾಗಿ ಸಾಕ್ಷಿ ಹೇಳಬಾರದು

72 ಗಂಟೆಯ ಮೇಲೆ ಮೋಟಾರ್ ಅಂಕ 3ರೊಳಗಿರುವವರಲ್ಲಿ ಕನಿಷ್ಠ ಎರಡು ಕೆಟ್ಟ ಸೂಚನೆ ಸೇರಿದರೆ ಮಾತ್ರ ಚೇತರಿಕೆಯ ಸಾಧ್ಯತೆ ತೀರಾ ಕಡಿಮೆ ಎನ್ನಬಹುದು. ಪಟ್ಟಿ ಇದು: 72 ಗಂಟೆಗೂ ಎರಡೂ ಕಣ್ಣಲ್ಲಿ ಬೆಳಕಿಗೆ ಪಾಪೆ ಕಿರಿದಾಗದೆ, ಕಣ್ಣಗುಡ್ಡೆ ಮುಟ್ಟಿದರೂ ರೆಪ್ಪೆ ಮಿಟುಕದಿರುವುದು (ಎರಡೂ ಸೇರಿ ಒಂದೇ ಸೂಚನೆ), 24 ಗಂಟೆಯ ಮೇಲೆ ಮಣಿಕಟ್ಟಿನ ನರಕ್ಕೆ ಕೊಟ್ಟ ಸಣ್ಣ ಶಾಕಿಗೆ ಮೆದುಳಿನ ಎರಡೂ ಬದಿಯಲ್ಲಿ ಎನ್20 ಅಲೆ ಏಳದಿರುವುದು, 24 ಗಂಟೆಯ ಮೇಲಿನ ತೀರಾ ಕೆಟ್ಟ ಇಇಜಿ, 48 ಅಥವಾ 72ನೇ ಗಂಟೆಯಲ್ಲಿ ರಕ್ತದ ಎನ್‌ಎಸ್‌ಇ (ಹಾನಿಯಾದ ನರಕೋಶಗಳಿಂದ ಸೋರುವ ಪ್ರೋಟೀನ್) ಲೀಟರಿಗೆ 60 ಮೈಕ್ರೋಗ್ರಾಂ ದಾಟಿರುವುದು, 72 ಗಂಟೆಯೊಳಗೆ ನಿಲ್ಲದೆ ಮೈ ಅದುರುವ ಸ್ಟೇಟಸ್ ಮಯೋಕ್ಲೋನಸ್, ಮತ್ತು ಸಿಟಿ ಅಥವಾ ಎಂಆರ್‌ಐನಲ್ಲಿ ವ್ಯಾಪಕ ಹಾನಿ.

ಪಟ್ಟಿಯಲ್ಲಿ ಪ್ರತಿಯೊಂದಕ್ಕೂ ಅದರದೇ ಮೋಸವಿದೆ. ಇಇಜಿಯನ್ನು ನಿದ್ದೆ ಮದ್ದು ಕೆಡಿಸುತ್ತದೆ, ಎನ್20ಯನ್ನು ಅಷ್ಟಾಗಿ ಕೆಡಿಸದು. ಎನ್‌ಎಸ್‌ಇ ಕೆಂಪು ರಕ್ತಕಣದೊಳಗೂ ಇರುತ್ತದೆ; ಸಿರಿಂಜಿನಲ್ಲಿ ಕಣ ಒಡೆದರೆ, ಎಕ್ಮೋದಲ್ಲಿ ಒಡೆದರೆ ಅಂಕಿ ಸುಳ್ಳೇ ಏರುತ್ತದೆ. ಮಾದರಿ ಕೆಂಪಗೆ ಬಂದಿದ್ದರೆ ಮತ್ತೆ ತೆಗೆಯಿರಿ. ಸ್ಕ್ಯಾನ್‌ನ ಮೋಸಗಳನ್ನು ಮೇಲೆ ಹೇಳಿಯಾಯಿತು. ಅನುಭವವಿರುವ ಕೇಂದ್ರಗಳಲ್ಲಿ ಮಾತ್ರ ಇದಕ್ಕಾಗಿ ಸ್ಕ್ಯಾನ್ ಬಳಸಿ ಎಂದು 2021ರ ಆ ಯುರೋಪಿಯನ್ ಮಾರ್ಗಸೂಚಿ ಹೇಳುತ್ತದೆ.

ಇದರಲ್ಲಿ ಇನ್ನೊಂದು ಬಲೆಯಿದೆ. ಸ್ಕ್ಯಾನ್ ಕೆಟ್ಟದಾಗಿದೆ ಎಂದು ಚಿಕಿತ್ಸೆ ಹಿಂತೆಗೆದರೆ ಪೇಶೆಂಟ್ ತೀರಿಕೊಳ್ಳುತ್ತಾರೆ, ಸ್ಕ್ಯಾನ್ "ನಿಜವಾಯಿತು" ಎಂದು ಲೆಕ್ಕಕ್ಕೆ ಸೇರುತ್ತದೆ. ಇದುವರೆಗಿನ ಎಷ್ಟೋ ಅಂಕಿ ಅಂಶಗಳ ಮೇಲೆ ಈ ನೆರಳಿದೆ. ಎರಡು ಸೂಚನೆ ಸಿಗದಿದ್ದರೆ, ಒಂದಕ್ಕೊಂದು ವಿರುದ್ಧವಿದ್ದರೆ, ಮಾಡಬೇಕಾದ್ದು ಕಾಯುವುದು, ಮತ್ತೆ ಪರೀಕ್ಷಿಸುವುದು.

ಮನೆಯವರಿಗೆ

"ಬ್ರೈನ್ ಡೆಡ್" ಎಂಬ ಪದ ಯಾರಾದರೂ ಬಳಸಿದರೆ ತಡೆದು ಕೇಳಿ. ಕೆಟ್ಟ ಸ್ಕ್ಯಾನ್ ಬೇರೆ, ಮೆದುಳು ಸಾವು ಬೇರೆ. ಮೆದುಳು ಸಾವನ್ನು 1994ರ ಅಂಗಾಂಗ ಕಸಿ ಕಾಯ್ದೆಯಡಿ ನಾಲ್ವರು ವೈದ್ಯರ ತಂಡ, ಆರು ಗಂಟೆ ಅಂತರದಲ್ಲಿ ಎರಡು ಬಾರಿ ಹಾಸಿಗೆ ಪಕ್ಕದಲ್ಲೇ ಪರೀಕ್ಷಿಸಿ ದೃಢಪಡಿಸಬೇಕು. ಚಿಕಿತ್ಸೆ ಹಿಂತೆಗೆಯುವ ಮಾತಿಗೂ ದಾರಿ ಇದೆ: ಸುಪ್ರೀಂ ಕೋರ್ಟ್ 2018ರಲ್ಲಿ ಒಪ್ಪಿ, 2023ರಲ್ಲಿ ಸರಳಗೊಳಿಸಿದ ಕ್ರಮದಂತೆ ಆಸ್ಪತ್ರೆಯ ಪ್ರಾಥಮಿಕ ಮಂಡಳಿ ಮತ್ತು ಎರಡನೇ ಮಂಡಳಿ ಎರಡೂ ಒಪ್ಪಬೇಕು, ಮನೆಯವರ ಒಪ್ಪಿಗೆ ಬೇಕು, ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ಕರ್ನಾಟಕ ಆರೋಗ್ಯ ಇಲಾಖೆ ಇದನ್ನು ಜಾರಿಗೆ ತರುವ ಸುತ್ತೋಲೆಯನ್ನು 2025ರ ಜನವರಿಯಲ್ಲಿ ಹೊರಡಿಸಿದೆ. ಒಂದು ರಿಪೋರ್ಟ್ ತೋರಿಸಿ ರಾತ್ರೋರಾತ್ರಿ ಸಹಿ ಕೇಳುವುದು ಈ ಕ್ರಮದಲ್ಲಿಲ್ಲ.

ಚೀಟಿಯಲ್ಲಿ ಏನು ಬರೆಯಬೇಕು

"ಕೋಮಾ, ರೂಲ್ ಔಟ್ ಬ್ರೈನ್ ಇಂಜುರಿ" ಎಂದು ಬರೆದು ಕಳಿಸಿದರೆ "ಡಿಫ್ಯೂಸ್ ಎಡಿಮಾ, ಕ್ಲಿನಿಕಲಿ ಕೋರಿಲೇಟ್" ಎಂದು ಬರೆದುಕೊಂಡು ಬರುತ್ತದೆ, ಇಬ್ಬರಿಗೂ ಪ್ರಯೋಜನವಿಲ್ಲ. ಬದಲಿಗೆ ಹೀಗೆ ಬರೆಯಿರಿ: ಹೃದಯ ನಿಂತ ಕಾರಣ, ಸಿಪಿಆರ್ ಇಲ್ಲದೆ ಕಳೆದ ನಿಮಿಷ, ಸಿಪಿಆರ್ ನಡೆದ ನಿಮಿಷ, ಹೃದಯ ಮತ್ತೆ ಬಡಿದ ದಿನಾಂಕ ಮತ್ತು ಗಂಟೆ, ಸ್ಕ್ಯಾನ್ ಆಗುತ್ತಿರುವುದು ಅಲ್ಲಿಂದ ಎಷ್ಟನೇ ಗಂಟೆ, ಆಂಜಿಯೋ ಡೈ ಹಾಕಿದ ಗಂಟೆ, ಫಿಟ್ಸ್ ಬಂದಿದೆಯೇ, ಇಇಜಿ ಏನೆನ್ನುತ್ತದೆ, ಹಳೆಯ ಸ್ಟ್ರೋಕ್ ಇತ್ತೇ. ಮೊದಲ ದಿನದ ಸಿಟಿ ಇದ್ದರೆ ಫಿಲ್ಮ್ ಅಲ್ಲ, ಸಿಡಿಯನ್ನೇ ಕಳಿಸಿ. ಫಿಲ್ಮ್ ಮೇಲೆ ಕಿಟಕಿ ಬದಲಿಸಲಾಗದು, ವೃತ್ತ ಎಳೆಯಲಾಗದು. ಕೊನೆಯ ಸಾಲಿನಲ್ಲಿ ಪ್ರಶ್ನೆಯನ್ನೇ ಬರೆಯಿರಿ: "ಎರಡೂ ಬದಿಯ ಹೊರಪದರ ಮತ್ತು ಆಳದ ಗಂಟುಗಳಲ್ಲಿ ವ್ಯಾಪಕ ಹಾನಿ ಇದೆಯೇ, ಇಲ್ಲವೇ, ಹೇಳಲಾಗದೇ?" ಮೂರನೇ ಉತ್ತರಕ್ಕೂ ಜಾಗ ಬಿಡಿ, ಬಹಳ ಸಲ ಬರುವುದು ಅದೇ.